ಸಹಾಯ ಬೇಕ್ರಿ: ಬಾಕ್ಸ್‌ಎನ್ ವ್ಯಾಗನ್ ಮ್ಯಾಲೆ ಅದಿರಿನ ಧೂಳು ನಿಲ್ಲವಲ್ತು

ನಮಸ್ಕಾರ್ರಿ, ಹುಬ್ಬಳ್ಳಿಯಿಂದ. ಎಚ್‌ಒ ಸ್ಕೇಲ್‌ನಾಗ, ಅಂದ್ರ ನಿಜದ್ದಕ್ಕಿಂತ 87 ಪಟ್ಟು ಸಣ್ಣ ಅಳತ್ಯಾಗ (1:87), ಬಾಕ್ಸ್‌ಎನ್ ಅನ್ನೋ ಗೂಡ್ಸ್ ರೈಲಿನ ತೆರೆದ ವ್ಯಾಗನ್ನಿನ ಮಾಡೆಲ್ ಮಾಡಾಕತ್ತೀನಿ, ಹೊಸಪೇಟಿ ಕಡಿಂದ ಅದಿರು ತುಂಬ್ಕೊಂಡು ಬರ್ತಾವಲ್ರಿ, ಆ ಕೆಂಪು ಧೂಳು ಹತ್ತಿದ್ದು. ಪಿಗ್ಮೆಂಟ್ ಪೌಡರ್ (ಬಣ್ಣದ ನುಣ್ಣನ ಪುಡಿ) ಒಣಾ ಬ್ರಷ್‌ಲೆ ಹಚ್ಚಿದಾಗ ಭಾರಿ ಕಾಣ್ತದ, ಅದು ಉದುರಬಾರ್ದಂತ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹೊಡದ ಕೂಡ್ಲೇ ಅರ್ಧಕ್ಕರ್ಧ ಮಾಯ. ಅದರಾಗ ಈಗ ಮಳಿ ಬ್ಯಾರೆ, ಹವಾದಾಗ ತೇವ ಇದ್ರ ಸ್ಪ್ರೇ ಬೆಳ್ಳಗ ಆಗಿಬಿಡ್ತದ. ಕೆಲವ್ರು ಐಸೊಪ್ರೊಪೈಲ್ ಆಲ್ಕೋಹಾಲ್ ಹನಿ ಬಿಟ್ಟು ಪೌಡರ್ ಕೂಡಿಸಿ ವಾರ್ನಿಷ್ ಬಿಟ್ಟೇಬಿಡ್ತಾರಂತ, ಕೈ ಹಚ್ಚಿದ್ರ ಉದುರಂಗಿಲ್ಲೇನ್ರಿ? ಇದು ಹಳಿ ಮ್ಯಾಲೆ ಓಡ್ಸೋ ವ್ಯಾಗನ್ರಿ, ಶೋಕೇಸ್‌ಗಲ್ಲ. (ತುಕ್ಕು ಮಾತ್ರ ಎಲ್ಲಾ ಕಡೆ ಬಳಿಯೋದು ನನಗ ಸೇರಂಗಿಲ್ಲ, ಬಾಗಿಲ ಸಂದಿ ಸಾಕು.) ಹುಬ್ಬಳ್ಳಿ-ಧಾರವಾಡದಾಗ ಏರ್‌ಬ್ರಷ್ ಇದ್ದೋರು ಯಾರರ ಇದ್ರ ಹೇಳ್ರಿ, ಸಂಡೇ ಬಂದು ನೋಡ್ತೀನಿ, ಚಾ-ಗಿರ್ಮಿಟ್ ನಂದು.