ಅಪ್‌ಡೇಟ್: ಪುಣೆಯ ಹಳೆಯ ಕಾರಿನ ಚೌಕಾಶಿ ಮುಗಿಯಿತು

ಕೋಥ್ರೂಡಿನ ಮಾರಾಟಗಾರರೊಬ್ಬರು 2018ರ ಸ್ವಿಫ್ಟ್‌ಗೆ 4.90 ಲಕ್ಷ ರೂಪಾಯಿ ಹೇಳುತ್ತಿದ್ದಾರೆ, ಎಷ್ಟಕ್ಕೆ ಇಳಿಸಬಹುದು ಎಂದು ಕಳೆದ ತಿಂಗಳು ಕೇಳಿದ್ದೆ, ನಿನ್ನೆ 4.52 ಲಕ್ಷಕ್ಕೆ ಕುದುರಿತು. ನಿಮ್ಮಲ್ಲೊಬ್ಬರು ಸೂಚಿಸಿದಂತೆ ಟೈರಿನ ಪಕ್ಕದ ಮೈಮೇಲೆ ಅಚ್ಚಾಗಿರುವ, ತಯಾರಾದ ವಾರ ಮತ್ತು ವರ್ಷ ಹೇಳುವ ನಾಲ್ಕಂಕಿಯನ್ನು ಓದಿದಾಗ ನಾಲ್ಕರಲ್ಲೂ 1118 ಎಂದಿತ್ತು. ಅಂದರೆ 2018ರ ಹನ್ನೊಂದನೆಯ ವಾರದಲ್ಲಿ ತಯಾರಾದ ಮೂಲ ಟೈರುಗಳೇ ಇನ್ನೂ ಇವೆ ಎಂದು ತೋರಿಸಿದ ಮೇಲೆ, ಕಾರು ಹೊಸದರಂತಿದೆ ಎನ್ನುತ್ತಿದ್ದ ಮಾರಾಟಗಾರರ ದನಿ ತಗ್ಗಿತು. (ನನ್ನ ಹರಕುಮುರುಕು ಮರಾಠಿಗೆ ಅವರು ನಕ್ಕದ್ದೂ ಉಪಯೋಗಕ್ಕೆ ಬಂತೆನ್ನಿ.) ಆದರೆ ಆರ್‌ಸಿಯಲ್ಲಿ (ಕಾರಿನ ನೋಂದಣಿ ಪತ್ರದಲ್ಲಿ) ಹಿಂದಿನ ಮಾಲೀಕರ ಬ್ಯಾಂಕ್ ಸಾಲದ ನಮೂದು ಹಾಗೆಯೇ ಉಳಿದಿದ್ದರಿಂದ, ಬ್ಯಾಂಕಿನ ಎನ್‌ಒಸಿಯೂ (ಆಕ್ಷೇಪವಿಲ್ಲವೆಂಬ ಪತ್ರ) ಸಾಲದ ನಮೂದು ತೆಗೆಸುವ ಫಾರ್ಮ್ 35 ಕೂಡ ಕೈಗೆ ಬರುವವರೆಗೆ ಹತ್ತು ಸಾವಿರಕ್ಕಿಂತ ಹೆಚ್ಚು ಮುಂಗಡ ಕೊಡುವುದಿಲ್ಲವೆಂದು ಪಟ್ಟು ಹಿಡಿದೆ. ಬೆಲೆಗಿಂತ ಇದಕ್ಕೇ ಹೆಚ್ಚು ವಾದ ನಡೆಯಿತು. ಮಾಲೀಕತ್ವ ವರ್ಗಾಯಿಸುವ ಫಾರ್ಮ್ 29 ಮತ್ತು 30ಕ್ಕೆ ಸಹಿಯಾಗಿದೆ; ವರ್ಗಾವಣೆಯ ಖರ್ಚು ಮಾರಾಟಗಾರರದೇ.