ಬಡಾವಣೆ ಲೈಬ್ರರಿಯ ಕನ್ನಡ ಪುಸ್ತಕಗಳಿಗೆ ನಂಬರ್ ಕೊಡುವುದು ಹೇಗೆ?

ವಿಜಯನಗರದ ಓದುಗಿ

ಎಲ್ಲರಿಗೂ ನಮಸ್ಕಾರ. ಲೈಬ್ರರಿ ಕೆಲಸ ಗೊತ್ತಿರುವವರು ದಯವಿಟ್ಟು ಸಹಾಯ ಮಾಡಿ.

ನಾನು ಬ್ಯಾಂಕಿನಲ್ಲಿದ್ದು ನಿವೃತ್ತಿಯಾದವಳು. ನಮ್ಮ ಬಡಾವಣೆಯ ಸಂಘಕ್ಕೆ ಪಾರ್ಕಿನ ಪಕ್ಕ ಒಂದು ರೂಮಿದೆ. ನಮ್ಮ ಬೀದಿಯಲ್ಲಿದ್ದ ಕನ್ನಡ ಮೇಷ್ಟ್ರೊಬ್ಬರು ತೀರಿಕೊಂಡ ಮೇಲೆ ಅವರ ಮಕ್ಕಳು ಪುಸ್ತಕಗಳನ್ನೆಲ್ಲ ಸಂಘಕ್ಕೆ ಕೊಟ್ಟರು. ಎರಡೂವರೆ ಸಾವಿರಕ್ಕಿಂತ ಜಾಸ್ತಿಯೇ ಇವೆ. ಮುಕ್ಕಾಲು ಪಾಲು ಸಾಹಿತ್ಯ. ಉಳಿದದ್ದು ಇತಿಹಾಸ, ಜಾನಪದ, ನಿಘಂಟು, ಒಂದಷ್ಟು ಆಯುರ್ವೇದ. ಕಬ್ಬಿಣದ ರ‍್ಯಾಕ್ ಬಂದಿದೆ. ಹುಡುಗರು ಉತ್ಸಾಹದಿಂದ ದೊಡ್ಡ ಸೈಜು, ಚಿಕ್ಕ ಸೈಜು ಅಂತ ಜೋಡಿಸಿದ್ದಾರೆ. ನೋಡಲು ಚೆನ್ನಾಗಿದೆ, ಆದರೆ ಯಾರಾದರೂ ಬಂದು "ತ್ರಿವೇಣಿ ಕಾದಂಬರಿ ಇದೆಯಾ" ಅಂದರೆ ಐದು ರ‍್ಯಾಕ್ ಹುಡುಕಬೇಕು.

ವಿಷಯಕ್ಕೊಂದು ನಂಬರ್ ಕೊಡುವ ಡ್ಯೂಯಿ ಪದ್ಧತಿ ಪ್ರಕಾರ ನಂಬರ್ ಹಾಕಿ ಅಂತ ಒಬ್ಬರು ಹೇಳಿದರು. ನೋಡಿದೆ. ಕನ್ನಡ ಸಾಹಿತ್ಯಕ್ಕೆ 894.814. ಹಾಗಾದರೆ ಹೆಚ್ಚು ಕಡಿಮೆ ಎಲ್ಲ ಪುಸ್ತಕಕ್ಕೂ ಅದೇ ನಂಬರ್ ಬರುತ್ತದಲ್ಲಾ? ಅದರಿಂದ ಏನು ಪ್ರಯೋಜನ? ಇನ್ನೊಬ್ಬರು ಕೋಹಾ ಅನ್ನುವ ಲೈಬ್ರರಿ ಸಾಫ್ಟ್‌ವೇರ್ ಹಾಕಿಸಿ, ಎಲ್ಲ ತಾನಾಗಿಯೇ ಆಗುತ್ತದೆ ಅಂದರು. ಮೇಷ್ಟ್ರು ತಮ್ಮ ಪುಸ್ತಕಗಳ ಪಟ್ಟಿಯನ್ನು ಹಳೆಯ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದಾರೆ, ಆ ಫೈಲೂ ಸಿಕ್ಕಿದೆ. ಎಲ್ಲಿಂದ ಶುರು ಮಾಡಲಿ?

ಬಸವನಗುಡಿ ಲೈಬ್ರರಿಯನ್

ಮೇಡಂ, ನಾನು ಕಾಲೇಜು ಲೈಬ್ರರಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕೆಲಸ ಮಾಡುತ್ತಿದ್ದೇನೆ. ನಂಬರ್ ವಿಷಯ ಆಮೇಲೆ ನೋಡೋಣ. ಅದಕ್ಕಿಂತ ದೊಡ್ಡ ಕೆಲಸ ಎರಡಿವೆ.

ಮೊದಲನೆಯದು ಅಕ್ಸೆಷನ್ ರಿಜಿಸ್ಟರ್, ಅಂದರೆ ಬಂದ ಪುಸ್ತಕಗಳ ದಾಖಲೆ. ನೀವು ಬ್ಯಾಂಕಿನವರು, ಲೆಡ್ಜರ್ ಬೆಲೆ ನಿಮಗೆ ಹೇಳಬೇಕಾಗಿಲ್ಲ. ಗಟ್ಟಿ ಬೈಂಡಿನ ಉದ್ದನೆಯ ಪುಸ್ತಕ ತನ್ನಿ. ಬಂದ ಕ್ರಮದಲ್ಲೇ 1, 2, 3 ಅಂತ ಒಂದೊಂದು ಪ್ರತಿಗೂ ಒಂದು ನಂಬರ್. ಒಂದೇ ಕಾದಂಬರಿಯ ಎರಡು ಪ್ರತಿ ಇದ್ದರೆ ಎರಡು ನಂಬರ್. ದಿನಾಂಕ, ಲೇಖಕರು, ಶೀರ್ಷಿಕೆ, ಪ್ರಕಾಶಕರು, ವರ್ಷ, ಪುಟ, ಬೆಲೆ, ಎಲ್ಲಿಂದ ಬಂತು, ಷರಾ. ಇಷ್ಟು ಕಾಲಂ ಸಾಕು. ಈ ನಂಬರನ್ನು ಶೀರ್ಷಿಕೆ ಪುಟದ ಹಿಂದೆ ಬರೆಯಿರಿ. ಜೊತೆಗೆ ಒಳಗಿನ ಒಂದು ಗೊತ್ತಾದ ಪುಟದಲ್ಲೂ ಬರೆದು ಸೀಲ್ ಹಾಕಿ. ಎಲ್ಲ ಪುಸ್ತಕಕ್ಕೂ ಅದೇ ಪುಟ ಇರಲಿ, 31 ಅಂದರೆ 31. ನಾವು ಅದನ್ನು ಸೀಕ್ರೆಟ್ ಪೇಜ್ ಅನ್ನುತ್ತೇವೆ. ಯಾರಾದರೂ ಮುಂದಿನ ಹಾಳೆ ಹರಿದುಕೊಂಡು ಹೋದರೂ ಪುಸ್ತಕ ನಿಮ್ಮದು ಅಂತ ಗೊತ್ತಾಗುತ್ತದೆ. ತಪ್ಪಿಹೋದ ಪುಸ್ತಕದ ನಂಬರನ್ನು ಬೇರೆ ಪುಸ್ತಕಕ್ಕೆ ಯಾವತ್ತೂ ಕೊಡಬೇಡಿ.

ಎರಡನೆಯದು ಲೇಖಕರ ಹೆಸರು. ಕನ್ನಡ ಲೈಬ್ರರಿಯ ಕಷ್ಟವೆಲ್ಲ ಇಲ್ಲೇ ಇರೋದು. ನಿಮ್ಮ ರ‍್ಯಾಕಿನಲ್ಲಿ ಒಂದು ಪುಸ್ತಕದ ಮೇಲೆ ಕುವೆಂಪು ಅಂತ ಇರುತ್ತದೆ, ಇನ್ನೊಂದರ ಮೇಲೆ ಕೆ.ವಿ. ಪುಟ್ಟಪ್ಪ. ಬೇಂದ್ರೆಯವರದು ಕೆಲವು ಕಡೆ ಅಂಬಿಕಾತನಯದತ್ತ, ಕೆಲವು ಕಡೆ ದ.ರಾ. ಬೇಂದ್ರೆ, ಇನ್ನು ಕೆಲವು ಕಡೆ ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಬಿ.ಎಂ.ಶ್ರೀ ಅಂತ ಒಂದು ಕಡೆ, ಬಿ.ಎಂ. ಶ್ರೀಕಂಠಯ್ಯ ಅಂತ ಮತ್ತೊಂದು ಕಡೆ. ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಪಟ್ಟಿ ಮಾಡಿದರೆ ಒಬ್ಬರೇ ಕವಿ ಮೂರು ಜಾಗದಲ್ಲಿ ಕೂರುತ್ತಾರೆ. ಓದುಗರು ಒಂದು ಜಾಗ ನೋಡಿ "ಇಷ್ಟೇ ಇರೋದು" ಅಂತ ವಾಪಸ್ ಹೋಗುತ್ತಾರೆ. ಪುಸ್ತಕ ಅಲ್ಲೇ ಇರುತ್ತದೆ, ಸಿಗೋದಿಲ್ಲ. ನನಗೆ ತುಂಬಾ ಹೊಟ್ಟೆ ಉರಿಯುವ ವಿಷಯ ಇದು.

ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಅಥಾರಿಟಿ ಫೈಲ್ ಅನ್ನುತ್ತಾರೆ. ಒಬ್ಬರಿಗೆ ಒಂದೇ ಹೆಸರು ಗೊತ್ತು ಮಾಡಿ, ಉಳಿದ ಹೆಸರುಗಳಿಂದ "ಇಲ್ಲಿ ನೋಡಿ" ಅಂತ ದಾರಿ ತೋರಿಸೋದು. "ಪುಟ್ಟಪ್ಪ, ಕೆ.ವಿ.: ಕುವೆಂಪು ನೋಡಿ." ಒಂದು ನೋಟ್‌ಬುಕ್ ಸಾಕು.

ಯಾವ ಹೆಸರು ಇಡಬೇಕು ಅನ್ನೋದರಲ್ಲಿ ಯೋಚನೆ ಮಾಡಿ. ಕೊನೆಯ ಪದವೇ ಮುಖ್ಯ ಅಂತ ಸುಮ್ನೆ ಒಂದು ನಿಯಮ ಹಾಕಿಕೊಂಡರೆ ಏನಾಗುತ್ತದೆ ನೋಡಿ. ಕಾರಂತ, ಬೇಂದ್ರೆ ಸರಿ, ಅವು ಮನೆತನದ ಹೆಸರು. ಭೈರಪ್ಪ ಕೂಡ ಸರಿ, ಮುಂದಿನ ಎಸ್.ಎಲ್. ಬರೀ ಇನಿಷಿಯಲ್. ಆದರೆ ಮಾಸ್ತಿ ವೆಂಕಟೇಶ ಅಯ್ಯಂಗಾರ್? ಗೊರೂರು ರಾಮಸ್ವಾಮಿ ಅಯ್ಯಂಗಾರ್? ಇಬ್ಬರೂ ಅಯ್ಯಂಗಾರ್ ಅಡಿಯಲ್ಲಿ ಪಕ್ಕಪಕ್ಕ ಹೋಗಿ ಕೂರುತ್ತಾರೆ. ನಮ್ಮೂರಲ್ಲಿ ಯಾರಾದರೂ "ಅಯ್ಯಂಗಾರ್ ಪುಸ್ತಕ ಕೊಡಿ" ಅಂತ ಕೇಳುತ್ತಾರಾ? ಮಾಸ್ತಿ ಅಂತಾರೆ, ಗೊರೂರು ಅಂತಾರೆ. ಜನ ಕೌಂಟರಿಗೆ ಬಂದು ಬಾಯಲ್ಲಿ ಯಾವ ಹೆಸರು ಹೇಳುತ್ತಾರೋ ಅದನ್ನೇ ಇಡಿ. ನೀವು ಕೇಳಿದ ತ್ರಿವೇಣಿಯೂ ಅಷ್ಟೇ. ಅನಸೂಯಾ ಶಂಕರ್ ಅಂತ ಇಟ್ಟರೆ ಯಾರಿಗೂ ಸಿಗೋದಿಲ್ಲ.

ಈಗ ನಂಬರ್. 894.814 ಕನ್ನಡ ಸಾಹಿತ್ಯ, ನಿಜ. ಅದರ ಕೊನೆಗೆ 1 ಹಾಕಿದರೆ ಕಾವ್ಯ, 2 ನಾಟಕ, 3 ಕಥೆ ಕಾದಂಬರಿ, 4 ಪ್ರಬಂಧ. ಡ್ಯೂಯಿ ಈ ಪದ್ಧತಿ ಮಾಡಿದ್ದು 1876ರಲ್ಲಿ ಅಮೆರಿಕದಲ್ಲಿ. 800ರ ಸಾಹಿತ್ಯದಲ್ಲಿ 810ರಿಂದ 880ರವರೆಗೆ ಅಮೆರಿಕ, ಇಂಗ್ಲೆಂಡ್, ಯೂರೋಪಿನ ಭಾಷೆಗಳಿಗೇ ಹೋಯಿತು. ಉಳಿದ ಇಡೀ ಪ್ರಪಂಚಕ್ಕೆ 890. ಅದಕ್ಕೇ ನಮ್ಮ ನಂಬರ್ ಇಷ್ಟುದ್ದ. ನಿಮ್ಮಲ್ಲಿ ಮುಕ್ಕಾಲು ಪಾಲಿಗೂ ಅದೇ ಆರು ಅಂಕಿ ಬರುವಾಗ ಬೆನ್ನಿನ ಲೇಬಲ್ ಮೇಲೆ ಅದನ್ನು ಬರೆಯೋದೇ ಬೇಡ. ಕಾವ್ಯಕ್ಕೆ "ಕಾ", ನಾಟಕಕ್ಕೆ "ನಾ", ಕಾದಂಬರಿಗೆ "ಕಾದಂ", ಅದರ ಕೆಳಗೆ ಲೇಖಕರ ಹೆಸರಿನ ಮೊದಲ ಎರಡು ಮೂರು ಅಕ್ಷರ. ಸಾಹಿತ್ಯ ಅಲ್ಲದ ಪುಸ್ತಕಕ್ಕೆ ಮಾತ್ರ ಡ್ಯೂಯಿ ಇರಲಿ: ಕರ್ನಾಟಕ ಇತಿಹಾಸ 954.87, ಜಾನಪದ 398, ಕನ್ನಡ ವ್ಯಾಕರಣ ನಿಘಂಟು 494.814. ನಿಘಂಟುಗಳನ್ನು ಮನೆಗೆ ಕೊಡಬೇಡಿ.

ಎಂಟನೇ ಮೈಲಿ

ಮೇಲಿನ ಸರ್ ಹೇಳಿದ ಹೆಸರಿನ ವಿಷಯ ನೂರಕ್ಕೆ ನೂರು ಸರಿ. ಆದರೆ ಕಾವ್ಯ, ಕಾದಂಬರಿ ರ‍್ಯಾಕಿಗೆ ನನ್ನದೊಂದು ಬೇರೆ ಸಲಹೆ ಇದೆ. ನಾನು ಮೈಸೂರು ರಸ್ತೆಯ ಡಿಆರ್‌ಟಿಸಿಯಲ್ಲಿ ಲೈಬ್ರರಿ ಶಾಸ್ತ್ರ ಓದಿದವನು. ಲೈಬ್ರರಿ ಶಾಸ್ತ್ರಜ್ಞ ಎಸ್.ಆರ್. ರಂಗನಾಥನ್ 1962ರಲ್ಲಿ ಶುರು ಮಾಡಿದ ಸಂಸ್ಥೆ ಅದು, ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಕ್ಯಾಂಪಸ್ಸಿನಲ್ಲಿದೆ. ಮದ್ರಾಸಿನಲ್ಲಿ ಹೆಸರು ಮಾಡಿದ ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು, 1972ರಲ್ಲಿ ತೀರಿಕೊಂಡದ್ದು ನಮ್ಮ ಬೆಂಗಳೂರಿನಲ್ಲೇ. ಇದು ಊರಿನ ಜಾಸ್ತಿ ಜನಕ್ಕೆ ಗೊತ್ತಿಲ್ಲ ಅನ್ನೋದು ನನಗೆ ಬೇಜಾರು.

ಪುಸ್ತಕ ವಿಂಗಡಿಸುವ ಅವರ ಕೋಲನ್ ಪದ್ಧತಿ 1933ರದ್ದು. ಅದರಲ್ಲಿ ಸಾಹಿತ್ಯಕ್ಕೆ ಭಾಷೆ, ಪ್ರಕಾರ, ಲೇಖಕ, ಕೃತಿ ಅಂತ ಕ್ರಮ. ಲೇಖಕರನ್ನು ಅಕಾರಾದಿಯಲ್ಲಿ ಇಡುವುದಿಲ್ಲ, ಹುಟ್ಟಿದ ವರ್ಷದ ಮೇಲೆ ಇಡುತ್ತಾರೆ. 1800ರಿಂದ 1899ರವರೆಗೆ ಎಂ, 1900ರಿಂದ 1999ರವರೆಗೆ ಎನ್. ಬೇಂದ್ರೆ ಹುಟ್ಟಿದ್ದು 1896, ಹಾಗಾಗಿ ಎಂ96. ಕುವೆಂಪು 1904, ಎನ್04. ಕಾದಂಬರಿ, ಕಥೆಯ ಕಡೆ ಮಾಸ್ತಿ ಎಂ91, ಕಾರಂತ ಎನ್02, ತ್ರಿವೇಣಿ ಎನ್28.

ಇದರಿಂದ ರ‍್ಯಾಕಿನಲ್ಲಿ ಏನಾಗುತ್ತದೆ ಊಹಿಸಿ. ಎಡಗಡೆಯಿಂದ ಬಲಗಡೆಗೆ ನಡೆದರೆ ನವೋದಯ, ಪ್ರಗತಿಶೀಲ, ನವ್ಯ ಅಂತ ಕನ್ನಡ ಸಾಹಿತ್ಯದ ಚರಿತ್ರೆಯೇ ಕಾಲಕ್ರಮದಲ್ಲಿ ನಿಂತಿರುತ್ತದೆ. ಒಬ್ಬ ಹುಡುಗಿ ಬೇಂದ್ರೆ ಹುಡುಕಿಕೊಂಡು ಬಂದರೆ ಪಕ್ಕದಲ್ಲಿ ಅದೇ ಕಾಲದ ಬೇರೆ ಕವಿಗಳು ಸಿಗುತ್ತಾರೆ. ಅಕಾರಾದಿಯಲ್ಲಿ ಇಟ್ಟರೆ ಬೇಂದ್ರೆ ಪಕ್ಕ ಯಾರೋ ನಿನ್ನೆ ಮೊನ್ನೆ ಬರೆದವರು ಇರುತ್ತಾರೆ. ಅದು ಕನ್ನಡ ಮೇಷ್ಟ್ರ ಸಂಗ್ರಹ, ಈ ಕ್ರಮ ಅದಕ್ಕೆ ಒಪ್ಪುತ್ತದೆ ಅಂತ ನನ್ನ ಅನಿಸಿಕೆ. ಲೇಖಕರ ಜನ್ಮವರ್ಷ ಹುಡುಕುವುದು ಕಷ್ಟವೇನಲ್ಲ.

ಬಸವನಗುಡಿ ಲೈಬ್ರರಿಯನ್

ಚೆನ್ನಾಗಿದೆ, ನಿಜವಾಗಿ ಚೆನ್ನಾಗಿದೆ. ನನಗೂ ಕೋಲನ್ ಕಲಿಸಿದ ಗುರುಗಳ ಮೇಲೆ ತುಂಬಾ ಗೌರವ ಇದೆ. ಆದರೆ ಮೇಡಂ ಅವರ ರೂಮಿಗೆ ಬರೋದು ಸಂಜೆ ವಾಕಿಂಗ್ ಮುಗಿಸಿದ ಹಿರಿಯರು, ಶಾಲೆ ಮಕ್ಕಳು. ಅವರಿಗೆ ಲೇಖಕರ ಹುಟ್ಟಿದ ವರ್ಷ ಗೊತ್ತಿರಲ್ಲ, ಹೆಸರು ಗೊತ್ತಿರುತ್ತದೆ. ಓದುಗರ ಸಮಯ ಉಳಿಸಿ ಅನ್ನೋದು ರಂಗನಾಥನ್ ಅವರದೇ ನಾಲ್ಕನೇ ಸೂತ್ರ ಅಲ್ವಾ? 1931ರ ಐದು ಸೂತ್ರಗಳಲ್ಲಿ ಅದೂ ಒಂದು. ಯಾವಾಗಲೂ ಒಬ್ಬ ಲೈಬ್ರರಿಯನ್ ಕೂತಿರುವ ಜಾಗವಾದರೆ ನಿಮ್ಮ ಕ್ರಮ ಇಡಬಹುದು. ಸಂಘದ ರೂಮಿನಲ್ಲಿ ಜನ ತಾವೇ ಹುಡುಕಿಕೊಳ್ಳಬೇಕು.

ಎಂಟನೇ ಮೈಲಿ

ಅದೂ ಒಪ್ಪುವ ಮಾತು ಸರ್. ಹಾಗಾದರೆ ಕಾದಂಬರಿಗೆ ಅಕಾರಾದಿ ಇರಲಿ, ಕಾವ್ಯದ ಒಂದು ರ‍್ಯಾಕಿಗೆ ಮಾತ್ರ ಕಾಲಕ್ರಮ ಇಟ್ಟು ನೋಡಿ ಮೇಡಂ. ಕಾವ್ಯ ಓದುವವರು ಹುಡುಕಾಡುತ್ತಾ ಓದುವವರು. ರ‍್ಯಾಕಿನ ಬದಿಗೆ ಕವಿಗಳ ಪಟ್ಟಿ ಅಂಟಿಸಿದರಾಯಿತು.

ಜೆಪಿ ನಗರ ಸಾಫ್ಟ್‌ವೇರ್

ಕೋಹಾ ಬಗ್ಗೆ ಹೇಳುತ್ತೇನೆ. ತುಂಬಾ ಒಳ್ಳೆಯ ಸಾಫ್ಟ್‌ವೇರ್. ನ್ಯೂಜಿಲೆಂಡಿನ ಒಂದು ಸಾರ್ವಜನಿಕ ಲೈಬ್ರರಿಗಾಗಿ ಶುರುವಾದದ್ದು, 2000ದಿಂದ ಬಳಕೆಯಲ್ಲಿದೆ, ದುಡ್ಡು ಕೊಡಬೇಕಾಗಿಲ್ಲ. ಆದರೆ ಸರ್ವರ್ ಬೇಕು, ಬ್ಯಾಕಪ್ ನೋಡಿಕೊಳ್ಳುವವರು ಬೇಕು. ತಾನಾಗಿಯೇ ಏನೂ ಆಗಲ್ಲ ಆಂಟಿ. ಮೊದಲು ಒಂದು ಸ್ಪ್ರೆಡ್‌ಶೀಟಿನಲ್ಲಿ ಹಾಕಿ. ಒಂದು ಸಾಲಿಗೆ ಒಂದು ಪುಸ್ತಕ, ರಿಜಿಸ್ಟರಿನ ಕಾಲಂಗಳೇ ಇಲ್ಲೂ. ಜೊತೆಗೆ "ಪುಸ್ತಕದ ಮೇಲಿರುವ ಹೆಸರು", "ಗೊತ್ತು ಮಾಡಿದ ಹೆಸರು" ಅಂತ ಎರಡು ಬೇರೆ ಕಾಲಂ ಇಡಿ. ಮುಂದೆ ಕೋಹಾಗೆ ಹೋಗಬೇಕೆಂದರೆ ಇದನ್ನೇ ಲೈಬ್ರರಿ ಕ್ಯಾಟಲಾಗುಗಳು ಬಳಸುವ ಮಾರ್ಕ್ 21 ರೂಪಕ್ಕೆ ತಿರುಗಿಸಬಹುದು.

ಒಂದು ವಿಷಯದಲ್ಲಿ ಹುಷಾರು. ಮೇಷ್ಟ್ರ ಫೈಲ್ ಹಳೆಯ ನುಡಿ ಫಾಂಟಿನದಾದರೆ ಅದು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಆಗಿರಲ್ಲ. ಫಾಂಟ್ ತೆಗೆದರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣುತ್ತದೆ. ಬದಲಾಯಿಸುವ ಸಲಕರಣೆಗಳಿವೆ, ಆದರೆ ಬದಲಾಯಿಸಿದ ಮೇಲೆ ಕಣ್ಣಿಟ್ಟು ನೋಡಬೇಕು. ಎರಡು ಕಡೆ ಯಾವಾಗಲೂ ಎಡವಟ್ಟಾಗುತ್ತದೆ.

ಒಂದು, ಸೊನ್ನೆ. ಪಂಪ ಅಂತ ಸರಿಯಾಗಿ ಬರೆದದ್ದು ಒಂದು. ಪ೦ಪ ಅಂತ ಬರೆದದ್ದು ಇನ್ನೊಂದು. ಎರಡೂ ನೋಡಲು ಒಂದೇ ತರ, ಅಲ್ವಾ? ಎರಡನೆಯದರಲ್ಲಿ ಇರೋದು ಅನುಸ್ವಾರ ಅಲ್ಲ, ಕನ್ನಡದ ಅಂಕಿ ಸೊನ್ನೆ. ಕಂಪ್ಯೂಟರಿಗೆ ಇವು ಸಂಬಂಧವೇ ಇಲ್ಲದ ಎರಡು ಪದ. ಪಂಪ ಅಂತ ಹುಡುಕಿದರೆ ಎರಡನೆಯ ಪುಸ್ತಕ ಬರೋದೇ ಇಲ್ಲ.

ಎರಡು, ರಕಾರದ ಒತ್ತು. ಸೂರ್ಯ ಅಂತ ಅರ್ಕಾವತ್ತಿನಲ್ಲಿ ಬರೆದದ್ದು, ಸೂರ‍್ಯ ಅಂತ ರ ಕೆಳಗೆ ಯ ಒತ್ತು ಬಂದದ್ದು. ಎರಡನೆಯದರ ಒಳಗೆ ಕಣ್ಣಿಗೆ ಕಾಣದ ಒಂದು ಕೂಡಿಸುವ ಅಕ್ಷರ ಇರುತ್ತದೆ. ಹುಡುಕಾಟದಲ್ಲಿ ಇದೂ ತಪ್ಪಿಹೋಗುತ್ತದೆ. ಫೈಲ್ ಕೈಗೆ ಬಂದ ತಕ್ಷಣ ಫೈಂಡ್ ಅಂಡ್ ರಿಪ್ಲೇಸ್ ಹಾಕಿ ಇವೆರಡನ್ನೂ ಒಂದೇ ರೂಪಕ್ಕೆ ತನ್ನಿ. ಆದರೆ ಇಸವಿ, ಬೆಲೆ ಕನ್ನಡ ಅಂಕಿಯಲ್ಲಿದ್ದರೆ ಆ ಕಾಲಂ ಮುಟ್ಟಬೇಡಿ, ಅಲ್ಲಿ ಸೊನ್ನೆ ನಿಜವಾಗಿಯೂ ಸೊನ್ನೆ.

ಇನ್ನೊಂದು ಸಂಗತಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ದೆಹಲಿ ಕಚೇರಿಯ ಮೂಲಕ ನಮ್ಮ ಭಾಷೆಗಳ ಪುಸ್ತಕ ಕೊಂಡಿದೆ. ಅವರ ಕ್ಯಾಟಲಾಗ್ ಎಲ್ಲರಿಗೂ ತೆರೆದಿದೆ. ವರ್ಷವೇ ಅಚ್ಚಾಗದ ಹಳೆಯ ಕನ್ನಡ ಪುಸ್ತಕ ಸಿಕ್ಕರೆ ಅಲ್ಲೊಮ್ಮೆ ಹುಡುಕಿ. ಕನ್ನಡ ಹೆಸರನ್ನು ರೋಮನ್ ಲಿಪಿಯಲ್ಲಿ ಮೇಲೆ ಕೆಳಗೆ ಚಿಹ್ನೆ ಹಾಕಿ ಬರೆದಿರುತ್ತಾರೆ, ಸ್ವಲ್ಪ ಅಭ್ಯಾಸವಾಗಬೇಕು.

ವಿಜಯನಗರದ ಓದುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫೈಲ್ ತೆಗೆದು ನೋಡಿದೆ, ಜೆಪಿ ನಗರದವರು ಹೇಳಿದ ಸೊನ್ನೆಯೇ ತುಂಬಿಕೊಂಡಿದೆ. ರಿಜಿಸ್ಟರಿಗೆ ಅವೆನ್ಯೂ ರಸ್ತೆಯಲ್ಲಿ ಹೇಳಿ ಬಂದಿದ್ದೇನೆ, ಗೆರೆ ಹಾಕಿಸಿ ಕೊಡುತ್ತಾರಂತೆ. ಹೆಸರಿನ ನೋಟ್‌ಬುಕ್ಕನ್ನು ನಾನೇ ಬರೆಯುತ್ತೇನೆ. ಕಾವ್ಯದ ರ‍್ಯಾಕಿಗೆ ಕಾಲಕ್ರಮವೂ ಇಷ್ಟವಾಯಿತು.

ಇನ್ನೊಂದು ಪ್ರಶ್ನೆ. ಮೇಷ್ಟ್ರು ಎಷ್ಟೋ ಪುಸ್ತಕಗಳ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದಾರೆ. ಕೆಲವು ಪುಸ್ತಕಗಳಲ್ಲಿ ಲೇಖಕರೇ ಸಹಿ ಮಾಡಿ ಕೊಟ್ಟದ್ದೂ ಇದೆ. ಸಂಘದ ಕೆಲವರು ರಬ್ಬರ್ ಹಾಕಿ ಅಳಿಸಿ, ನೀಟಾಗಿರಲಿ ಅನ್ನುತ್ತಿದ್ದಾರೆ.

ಬಸವನಗುಡಿ ಲೈಬ್ರರಿಯನ್

ದಯವಿಟ್ಟು ಅಳಿಸಬೇಡಿ ಮೇಡಂ! ಆ ಬರಹ ಬೇರೆ ಯಾವ ಲೈಬ್ರರಿಯ ಪ್ರತಿಯಲ್ಲೂ ಇರಲ್ಲ. ರಿಜಿಸ್ಟರಿನ ಷರಾ ಕಾಲಂ ಅದಕ್ಕೇ ಇರೋದು. "ಅಂಚಿನಲ್ಲಿ ಟಿಪ್ಪಣಿ ಇದೆ", "ಲೇಖಕರ ಸಹಿ ಇದೆ" ಅಂತ ಬರೆಯಿರಿ. ಸ್ಪ್ರೆಡ್‌ಶೀಟಿನಲ್ಲೂ ಅದಕ್ಕೊಂದು ಕಾಲಂ ಇರಲಿ, ಮುಂದೆ ಯಾರಾದರೂ ಸಂಶೋಧನೆ ಮಾಡುವವರು ಕೇಳಿದರೆ ಒಟ್ಟಿಗೆ ತೆಗೆದು ಕೊಡಬಹುದು. ಸಹಿ ಇರುವವನ್ನು ಬೇರೆ ಬೀರುವಿನಲ್ಲಿ ಬೀಗ ಹಾಕಿಡಿ, ಅಲ್ಲೇ ಕೂತು ಓದಲು ಮಾತ್ರ ಕೊಡಿ. ಸೀಲನ್ನು ಸಹಿಯ ಪುಟದ ಮೇಲೆ ಒತ್ತಬೇಡಿ. ಹರಿದ ಹಾಳೆಗೆ ಸೆಲ್ಲೋಟೇಪ್ ಬೇಡವೇ ಬೇಡ, ಕೆಲವು ವರ್ಷಕ್ಕೆ ಹಳದಿಯಾಗಿ ಕಾಗದವನ್ನೂ ಹಾಳು ಮಾಡುತ್ತದೆ.

ಕೈ ಸಾಲದಿದ್ದರೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ಸಿನ ಲೈಬ್ರರಿ ಸೈನ್ಸ್ ವಿಭಾಗದಲ್ಲಿ ವಿಚಾರಿಸಿ. ಎಂಎಲ್‌ಐಎಸ್ಸಿ ಮಾಡುವ ಮಕ್ಕಳಿಗೆ ಕ್ಯಾಟಲಾಗ್ ಅಭ್ಯಾಸಕ್ಕೆ ನಿಜವಾದ ಕನ್ನಡ ಪುಸ್ತಕ ಸಿಗೋದು ಕಡಿಮೆ, ಖುಷಿಯಿಂದ ಬರುತ್ತಾರೆ. ನಾನೂ ಒಂದು ಶನಿವಾರ ಮಧ್ಯಾಹ್ನ ಬಂದು ಮೊದಲ ರ‍್ಯಾಕ್ ಮಾಡಿಸಿಕೊಡುತ್ತೇನೆ. ಬರುವ ಮುಂಚೆ ಹೆಸರಿನ ನೋಟ್‌ಬುಕ್ಕಿನಲ್ಲಿ ಕ ಅಕ್ಷರದವರೆಗಾದರೂ ಬರೆದಿಟ್ಟಿರಿ. ಬೆನ್ನಿನ ಲೇಬಲ್ ಅಂಟಿಸೋದು ಮಾತ್ರ ಎಲ್ಲಕ್ಕಿಂತ ಕೊನೆಗೆ.