ಸಿಲ್ವರ್ ಓಕ್ ಕೋರಿನ ಸ್ಕೀ: ತಳ ಎದ್ದು ಬರ್ತೈತಿ, ಕ್ಯಾಂಬರ್ 4 ಇದ್ದದ್ದು 7 ಆಗೈತಿ

ಧಾರವಾಡ_ರಂದಾ:
ನಮಸ್ಕಾರ್ರಿ. ಜನವರಿಗೆ ಉತ್ತರಾಖಂಡದ ಔಲಿಗೆ ಒಯ್ಯಾಕ, ಹಿಮದ ಮ್ಯಾಲ ಜಾರೂ ಒಂದು ಜೋಡಿ ಸ್ಕೀ ಮಾಡೀವಿ. ಉದ್ದ 175 ಸೆಂ.ಮೀ., ಅಗಲ ಮುಂದ 126, ನಡುವ 96, ಹಿಂದ 116 ಮಿ.ಮೀ. ಕೋರ್ (ಒಳಗಿನ ಮರದ ತಿರುಳು) ಪೂರಾ ಸಿಲ್ವರ್ ಓಕ್, 12 ಮಿ.ಮೀ. ಪಟ್ಟಿ ಜೋಡಿಸಿ ಅಂಟಿಸಿದ್ದು. ನಡುವ 11 ಮಿ.ಮೀ. ದಪ್ಪ, ಎರಡೂ ತುದಿಗೆ 2. ಮ್ಯಾಲೊಂದು ಕೆಳಗೊಂದು 750 ಜಿಎಸ್ಎಂ (ಚದರ ಮೀಟರಿಗೆ ಗ್ರಾಂ) ಟ್ರಯಾಕ್ಸಿಯಲ್ ಗ್ಲಾಸ್, ಅಂದ್ರ ಮೂರು ದಿಕ್ಕಿಗೆ ನಾರಿರೂ ಗಾಜಿನ ಬಟ್ಟಿ, ಅಂಟು ಎಪಾಕ್ಸಿ. ತಳಕ್ಕ 1.3 ಮಿ.ಮೀ. ಯುಎಚ್ಎಂಡಬ್ಲ್ಯೂ ಪಾಲಿಎಥಿಲೀನ್ (ಗಟ್ಟಿ ಜಾರೂ ಪ್ಲಾಸ್ಟಿಕ್) ಹಾಳಿ, ಸುತ್ತ ಉಕ್ಕಿನ ಅಂಚು, ಮ್ಯಾಲ ಸಾಗವಾನಿ ವಿನಿಯರ್. ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್‌ನ್ಯಾಗ ಗಾಳಿ ಎಳದು ಒತ್ತೂ ವ್ಯಾಕ್ಯೂಮ್ ಬ್ಯಾಗ್‌ದಾಗ ಹಾಕಿದ್ದು. ಶೆಡ್‌ನ್ಯಾಗ 42 ಡಿಗ್ರಿ ಇತ್ತು.

ತಕರಾರು ಮೂರು. ಮೂತಿ ಕಡೆ ಒಂದು ಗೇಣು ತಳ ಎದ್ದೈತಿ, ಎದ್ದ ಹಾಳಿಗೆ ಅಂಟು ಒಂದು ಚೂರೂ ಹತ್ತಿಲ್ಲ. ಅಡ್ಡ ಸ್ಕೇಲ್ ಇಟ್ಟರ ನಡುವ ಬೆಳಕು ಕಾಣ್ತೈತಿ, 0.3 ಮಿ.ಮೀ. ಇರಬಹುದು. ಮೋಲ್ಡ್‌ದಾಗ ಕ್ಯಾಂಬರ್ (ಸ್ಕೀ ನಡುವಿನ ಕಮಾನು) 4 ಮಿ.ಮೀ. ಕೊಟ್ಟಿದ್ವಿ, ಬಿಚ್ಚಿದ ಮ್ಯಾಲ 7 ಆಗೈತಿ. ಪಂಪ್ ಹಳೇ ಫ್ರಿಜ್ಜಿನ ಕಂಪ್ರೆಸರ್, ಅದರ ವ್ಯಾಕ್ಯೂಮ್ ಗೇಜೂ 26.5 ಇಂಚು ಪಾದರಸಕ್ಕ ನಿಂತುಬಿಡ್ತೈತಿ, ಎಲ್ಲೋ ಲೀಕ್ ಐತೇನ್ರಿ?

ತಾರಿಹಾಳ_ರೆಸಿನ್:
ಗೇಜಿನ ಚಿಂತಿ ಬಿಡ್ರಿ. ಹುಬ್ಬಳ್ಳಿ ಸಮುದ್ರಮಟ್ಟಕ್ಕಿಂತ ಸುಮಾರು 670 ಮೀಟರ್ ಮ್ಯಾಲ ಐತಿ, ಧಾರವಾಡ ಇನ್ನೂ ಸ್ವಲ್ಪ ಎತ್ತರ. ಇಲ್ಲಿ ಗಾಳಿಯ ಒತ್ತಡನ ಹೆಚ್ಚುಕಡಿಮಿ 27.5 ಇಂಚು. ಹಳೇ ಫ್ರಿಜ್ಜಿನ ಕಂಪ್ರೆಸರ್ 26.5 ಎಳದ್ರ ಅದಕ್ಕ ಕೈ ಮುಗೀರಿ. ಪಂಪ್ ಬಂದ್ ಮಾಡಿ 10 ನಿಮಿಷದಾಗ ಮುಳ್ಳು ಎಷ್ಟು ಇಳೀತೈತಿ ನೋಡ್ರಿ, ಲೀಕ್ ಗೊತ್ತಾಗೂದು ಅದರಾಗ.

ತಳ ಎದ್ದದ್ದಕ್ಕ ಕಾರಣ ಹಾಳಿ. ಪಾಲಿಎಥಿಲೀನ್ ಮೇಣದ ಜಾತಿ, ಬರೇ ಪಾಲಿಶ್ ಪೇಪರ್ ತಿಕ್ಕಿದ್ರ ಎಪಾಕ್ಸಿ ಹಿಡಿಯೂದಿಲ್ಲ. ಸ್ಕೀಗೆ ಅಂತ ಮಾಡಿದ ಹಾಳಿಗೆ ಒಂದು ಬದಿ ಉರಿ ತೋರಿಸಿರ್ತಾರ, ಆ ಬದಿ ಮಂಕಾಗಿರ್ತೈತಿ. ಎರಡೂ ಬದಿ ನುಣ್ಣಗ ಇದ್ದರ ಅದು ಕನ್ವೇಯರ್ ಲೈನರ್ ಮಾಲು. ಒಂದು ಹನಿ ನೀರು ಬಿಡ್ರಿ: ಮುತ್ತಿನಂಗ ಉರುಳಿದ್ರ ಅಂಟೂದಿಲ್ಲ, ಹರಡಿ ಪದರಾದ್ರ ಅಂಟತೈತಿ. ಗ್ಯಾಸ್ ಟಾರ್ಚಿನ ನೀಲಿ ಉರಿ ತುದಿ ಹಾಳಿಗೆ ಸವರಿ ಹೋಗಬೇಕು, ಎಲ್ಲೂ ನಿಲ್ಲಬಾರದು. ಹಾಳಿ ಮೆತ್ತಗಾತು ಅಂದ್ರ ಹೆಚ್ಚಾತು. ಉರಿ ತೋರಿಸಿದ ದಿನನ ಅಂಟಿಸ್ರಿ, ಕೈ ಮುಟ್ಟಬ್ಯಾಡ್ರಿ.

ಉಕ್ಕಿನ ಅಂಚನ್ನ 80 ನಂಬರ್ ಪೇಪರ್‌ಲೆ ತಿಕ್ಕಿ ಅಸಿಟೋನ್‌ಲೆ ಒರಸ್ರಿ. ಅದಕ್ಕೂ ಗ್ಲಾಸಿಗೂ ನಡುವ ತೆಳ್ಳನ ರಬ್ಬರ್ ಪಟ್ಟಿ ಹಾಕೀರೋ ಇಲ್ಲೋ? ಅದಿಲ್ಲಾಂದ್ರ ಕಲ್ಲಿಗೆ ಒಂದು ಸಲ ಬಡಿದ್ರ ಅಂಚು ಕಿತ್ತು ಬರ್ತೈತಿ.

ಗದಗ_ಮಟ್ಟಗೋಲು:
ಎರಡನೇ, ಮೂರನೇ ತಕರಾರಿಗೆ ಕಾರಣ ಒಂದೇ, ಶೆಡ್ಡಿನ ಬಿಸಿ. ಈ ಪಾಲಿಎಥಿಲೀನ್ ಉಕ್ಕಿಗಿಂತ ಹತ್ತು ಪಟ್ಟಿಗೂ ಹೆಚ್ಚು ಹಿಗ್ಗಿ ಕುಗ್ಗುತ್ತದೆ. 42 ಡಿಗ್ರಿಯಲ್ಲಿ ಎಪಾಕ್ಸಿ ಗಟ್ಟಿಯಾಗಿದೆ, ಅಂದರೆ ಹಾಳೆ ಹಿಗ್ಗಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆ. ಆಮೇಲೆ ತಣ್ಣಗಾದಂತೆ ಕುಗ್ಗಲು ನೋಡುತ್ತದೆ, ಗ್ಲಾಸ್ ಬಿಡುವುದಿಲ್ಲ, ಹಾಗಾಗಿ ಸ್ಕೀಯನ್ನೇ ಎಳೆದು ಬಗ್ಗಿಸುತ್ತದೆ. ಒಂದೇ ಬದಿ ಬೆಂದ ಕಟಕ ರೊಟ್ಟಿ ಬಾಗಿದ ಹಾಗೆ. ಉದ್ದಕ್ಕೆ ಎಳೆದಾಗ ಕ್ಯಾಂಬರ್ ಏರುತ್ತದೆ, ಅಡ್ಡಕ್ಕೆ ಎಳೆದಾಗ ಎರಡು ಅಂಚುಗಳ ನಡುವೆ ತಳ ತಗ್ಗಾಗುತ್ತದೆ. ಔಲಿಯಲ್ಲಿ ಮೈನಸ್ 5 ಇದ್ದರೆ ಒಟ್ಟು 47 ಡಿಗ್ರಿ ಇಳಿತ. ಹಾಳೆಯನ್ನು ಯಾರೂ ಹಿಡಿಯದಿದ್ದರೆ ಮೀಟರಿಗೆ ಸುಮಾರು 7 ಮಿ.ಮೀ. ಕುಗ್ಗೀತು. ಅಂದರೆ ಈಗ ಕಾಣುತ್ತಿರುವ 7 ಮಿ.ಮೀ. ಕ್ಯಾಂಬರ್ ಅಲ್ಲಿ ಇನ್ನೂ ಏರುತ್ತದೆ.

ಮೇಲಿನ ವಿನಿಯರ್ ಇದನ್ನು ಹೆಚ್ಚು ಮಾಡಿದೆ. ಮರ ನಾರಿನ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಹಾಗಾಗಿ ಕೆಳಗಿನ ಎಳೆತಕ್ಕೆ ಮೇಲೆ ಎದುರಾಳಿ ಇಲ್ಲ. ನೈಲಾನ್ ಟಾಪ್‌ಶೀಟ್ ಇದ್ದರೆ ಸ್ವಲ್ಪ ಸಮತೋಲ ಬರುತ್ತದೆ. ವಿನಿಯರೇ ಬೇಕು ಅಂದರೆ ಮೋಲ್ಡ್‌ನಲ್ಲಿ ಕ್ಯಾಂಬರ್ 2 ಮಿ.ಮೀ. ಸಾಕು. ಸಾಗವಾನಿಯಲ್ಲಿ ಎಣ್ಣೆಯಂಶ ಇದೆ, ಅಂಟಿಸುವ ಮೊದಲು ಅಸಿಟೋನ್ ಹಾಕಿ ಒರೆಸಲೇಬೇಕು.

ಮುಂದಿನ ಜೋಡಿಯನ್ನು ಮಳೆಗಾಲ ಮುಗಿದ ಮೇಲೆ, ರಾತ್ರಿ 8ರ ನಂತರ ಹಾಕಿ. 25 ಡಿಗ್ರಿ ಆಸುಪಾಸು ಇರಲಿ, ನಿಧಾನದ ಹಾರ್ಡನರ್ (ಎಪಾಕ್ಸಿ ಗಟ್ಟಿ ಮಾಡುವ ದ್ರವ) ತೆಗೆದುಕೊಳ್ಳಿ, 24 ಗಂಟೆ ಬ್ಯಾಗ್ ಬಿಚ್ಚಬೇಡಿ. ಬಿಸಿ 10 ಡಿಗ್ರಿ ಏರಿದರೆ ಎಪಾಕ್ಸಿ ಕೈಯಲ್ಲಿ ಉಳಿಯುವ ಹೊತ್ತು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಜೋಡಿಗೆ 1.2 ಕೆ.ಜಿ. ಮಿಶ್ರಣ ಬೇಕು. ಅಷ್ಟನ್ನೂ ಬಕೆಟ್‌ನಲ್ಲಿ ಕಲಸಿದರೆ ಹೊಗೆಯೇಳುತ್ತದೆ. 300 ಗ್ರಾಮಿನಂತೆ ಕಲಸಿ, ತಕ್ಷಣ ಅಗಲ ಪರಾತಕ್ಕೆ ಸುರಿಯಿರಿ.

ಮರದ ತೇವವನ್ನೂ ನೋಡಿ. 100 ಗ್ರಾಂ ತುಂಡನ್ನು 103 ಡಿಗ್ರಿ ಒಲೆಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿದಾಗ 91-92 ಗ್ರಾಂ ಉಳಿದರೆ ಸರಿ. 88ಕ್ಕೆ ಇಳಿದರೆ ಮರ ಇನ್ನೂ ಹಸಿ.

ಧಾರವಾಡ_ರಂದಾ:
ಹನಿ ಹಾಕಿ ನೋಡಿದ್ವಿ, ಎರಡೂ ಬದಿ ಮುತ್ತಿನಂಗ ಉರುಳ್ತೈತಿ. ರಬ್ಬರ್ ಪಟ್ಟಿ ಹಾಕಿಲ್ಲ. ಎದ್ದಷ್ಟು ಜಾಗಕ್ಕ ಎಪಾಕ್ಸಿ ತುಂಬಿ ಕ್ಲ್ಯಾಂಪ್ ಹಾಕಿದ್ರ ನಡೀತೈತೇನ್ರಿ? ಬೈಂಡಿಂಗ್ (ಬೂಟು ಹಿಡಿಯೂ ಕೊಂಡಿ) ಸ್ಕ್ರೂ ಸಿಲ್ವರ್ ಓಕ್‌ನ್ಯಾಗ ನಿಲ್ಲತಾವೇನು?

ಹಾವೇರಿ_ಪಟ್ಟಿಗರಗಸ:
ನಡಿಯೂದಿಲ್ರಿ. ಒಂದು ಗೇಣು ಎದ್ದದ್ದು ಕಣ್ಣಿಗೆ ಕಂಡೈತಿ, ಉಳಿದದ್ದು ಎದ್ದಿಲ್ಲ ಅಷ್ಟ. ಅಂಟು ಅಲ್ಲೂ ಹಿಡಿದಿಲ್ಲ. ಈ ಜೋಡಿ ಹಿಮಕ್ಕ ಒಯ್ಯಬ್ಯಾಡ್ರಿ, ಪರೀಕ್ಷೆಗೆ ಕೊಯ್ಯರಿ.

ಮೊದಲು ಪೂರಾ ಸ್ಕೀ ಅಳೀರಿ. 1 ಮೀಟರ್ ಅಂತರದಾಗ ಎರಡು ಪೈಪ್ ಇಟ್ಟು ಅದರ ಮ್ಯಾಲ ಸ್ಕೀ ಇಡ್ರಿ. ನಟ್ಟ ನಡುವ ಬಟ್ಟಿ ಪಟ್ಟಿಲೆ 20 ಕೆ.ಜಿ. ತೂಗಬಿಟ್ಟು ಎಷ್ಟು ಬಗ್ಗತೈತಿ ಬರಕೋರಿ. ಎರಡು ಸ್ಕೀ ನಡುವ 1 ಮಿ.ಮೀ.ಗಿಂತ ಹೆಚ್ಚು ಫರಕು ಬಂದ್ರ ಕೋರ್ ಕೀಸುವಾಗ ತಪ್ಪೈತಿ. ಬಿಗಿ, ಅಂದ್ರ ಬಗ್ಗದ ಗುಣ, ದಪ್ಪದ ಘನದಂಗ ಏರ್ತೈತಿ. 11 ಇದ್ದ ಕೋರ್ 12 ಆದ್ರ ಕೋರಿನ ಬಿಗಿ 30 ಪರ್ಸೆಂಟ್ ಜಾಸ್ತಿ. ಅದಕ್ಕ ರಂದಾ ನಂಬಬ್ಯಾಡ್ರಿ, ಇಳಿಜಾರು ಪಟ್ಟಿ ಮ್ಯಾಲ ರೌಟರ್ ಓಡಸ್ರಿ.

ಸ್ಕ್ರೂಗೆ ಬರೇ ಸಿಲ್ವರ್ ಓಕ್ ಸಾಲೂದಿಲ್ಲ. ಬೈಂಡಿಂಗ್ ಕೂಡೂ 45 ಸೆಂ.ಮೀ.ದಾಗ ನಡುವಿನ ಎರಡು ಪಟ್ಟಿ ಮತ್ತಿ ಮರದ್ದು ಹಾಕ್ರಿ. ಲೋಹದ ಪದರ ಇಲ್ಲದ ಸ್ಕೀಗೆ 3.6 ಮಿ.ಮೀ. ಬಿಟ್, ಆಳ 9 ಮಿ.ಮೀ. ಬಿಟ್ಟಿಗೆ ಸ್ಟಾಪ್ ಕಾಲರ್ ಇರಲೇಬೇಕು, ಇಲ್ಲಾಂದ್ರ ತಳದಾಗ ಉಬ್ಬು ಏಳ್ತೈತಿ. ತೂತಿಗೆ ಮರದ ಅಂಟು ಬಿಟ್ಟು ಸ್ಕ್ರೂ ತಿರುವ್ರಿ. ತುಂಡಿನ ಮ್ಯಾಲ ಎರಡೂ ಮರಕ್ಕ ಸ್ಕ್ರೂ ಹಾಕಿ, ಚೈನ್ ಪುಲ್ಲಿಗೆ ತೂಕದ ಕಾಂಟಾ ಸಿಗಿಸಿ ಎಳದು ನೋಡ್ರಿ, ಫರಕು ಗೊತ್ತಾಗತೈತಿ.

ಹೊಸ ಹಾಳಿ ಬಂದ ಮ್ಯಾಲ ಮೊದಲು 10ಕ್ಕ 30 ಸೆಂ.ಮೀ. ತುಂಡು ಮಾಡ್ರಿ, ಪದರ ಎಲ್ಲಾ ಇರಲಿ. ಎರಡು ದಿನ ನೀರಾಗ, ಆಮ್ಯಾಲ ಒಂದು ರಾತ್ರಿ ಐಸ್‌ಕ್ರೀಂ ಅಂಗಡಿ ಡೀಪ್ ಫ್ರೀಜರ್‌ನ್ಯಾಗ ಇಡ್ರಿ. ತಗದ ಕೂಡಲೇ ತಳದಾಗ ಎರಡು ಬೆರಳ ಅಗಲ ಪಟ್ಟಿ ಕೊಯ್ದು ಪಕ್ಕಡ್‌ಲೆ ಎಳೀರಿ. ಹಾಳಿ ಜಗ್ಗಿ ಹರೀಬೇಕು, ಇಲ್ಲಾ ಗ್ಲಾಸಿನ ನಾರು ಅಂಟಿಕೊಂಡು ಬರಬೇಕು. ಸ್ವಚ್ಛ ಎದ್ದು ಬಂತಂದ್ರ ಉರಿ ಸಾಲಿಲ್ಲ, ಮತ್ತೊಂದು ತುಂಡು ಮಾಡ್ರಿ.

ತಾರಿಹಾಳ_ರೆಸಿನ್:
ಇನ್ನೊಂದು. ಮಾಡಿದ ಸ್ಕೀ ಕಾರಿನ ಮ್ಯಾಲ ಕಟ್ಟಿ ಬಿಸಲಾಗ ನಿಲ್ಲಿಸಬ್ಯಾಡ್ರಿ. ಮನಿ ಬಿಸಿಯಾಗ ಗಟ್ಟಿಯಾದ ಎಪಾಕ್ಸಿ 50-60 ಡಿಗ್ರಿಗೆ ಮೆತ್ತಗಾಗ್ತೈತಿ. ಎರಡೂ ಸ್ಕೀ ಪಟ್ಟಿಲೆ ಬಿಗಿದು ಕಟ್ಟಿದ್ರಂತೂ ಕ್ಯಾಂಬರ್ ಹಂಗ ಚಪ್ಪಟಿ ಆಗತೈತಿ. ನಡುವ ಏನೂ ಒತ್ತದಂಗ, ಸಡಿಲಾಗಿ, ಬಿಳಿ ಬಟ್ಟಿ ಸುತ್ತಿ ರೈಲಿನ್ಯಾಗ ಒಯ್ಯರಿ.